ತೊಡೆಯ ಹಿಂದಿನ ನರವೂ ನಮ್ಮ ಮನೆಯವರೂ

ಕುರಿಯ ಮೈಯ ಬಗ್ಗೆ ನನ್ನನ್ನು ಏನು ಕೇಳಿದರೂ ಹೇಳಬಲ್ಲೆ. ಯಾವ ಕಾಲು ಎಳೆಯುತ್ತಿದೆ, ಗೊರಸಿನ ಸಂದಿಯಲ್ಲಿ ಕೀವಾಗಿದೆಯೋ ಮುಳ್ಳು ಮುರಿದಿದೆಯೋ, ಹೊಟ್ಟೆ ಉಬ್ಬಿದ್ದು ಹಸಿ ಮೇವಿನಿಂದಲೋ ಕದ್ದು ತಿಂದ ಜೋಳದಿಂದಲೋ, ಇದನ್ನೆಲ್ಲ ಅದು ದೂರದಿಂದ ನಡೆದು ಬರುವುದನ್ನು ನೋಡಿಯೇ ಅಂದಾಜು ಮಾಡುತ್ತೇನೆ. ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಹೊಟ್ಟೆಪಾಡು. ಹುಟ್ಟಿದ್ದು ಕಂಗ್ಟಿಯ ಕಡೆ ಕುರಿ ಕಾಯುವವರ ಮನೆಯಲ್ಲಿ, ನೌಕರಿ ಸಿಕ್ಕಿದ್ದು ನಾರಾಯಣಖೇಡದ ದನದ ದವಾಖಾನೆಯಲ್ಲಿ. ಕುರಿಗಳನ್ನು ಬಿಟ್ಟು ಬೇರೆ ಯಾರ ಜೊತೆಗೂ ನಾನು ಇಷ್ಟು ವರ್ಷ ಕಳೆದಿಲ್ಲ. ಆದರೆ ನನ್ನ ಸ್ವಂತ ತೊಡೆಯ ಹಿಂದೆ, ಮಂಡಿಯಿಂದ ಮೇಲಕ್ಕೆ ಹೋಗುವ ಒಂದು ದಪ್ಪ ನರ ಇದೆ, ಅದಕ್ಕೂ ಒಂದು ಸ್ವಭಾವ ಇದೆ, ಸಿಟ್ಟು ಸೆಡವು ಇದೆ ಎಂಬುದು ಐವತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಮುಂದಿನ ಅಂಗಾಂಗಗಳನ್ನು ಕನ್ನಡಿಯಲ್ಲಿ ನೋಡಿಕೊಂಡು, ಅವುಗಳ ಕುಂದುಕೊರತೆ ವಿಚಾರಿಸಿಕೊಂಡು ಇರುತ್ತೇವೆ. ಹಿಂದಿನವು ಪಾಪ, ಹೇಳದೆ ಕೇಳದೆ ದುಡಿಯುತ್ತವೆ. ಒಂದು ದಿನ ಕೆಲಸ ನಿಲ್ಲಿಸಿದ ಮೇಲೆಯೇ ಅವುಗಳ ಹೆಸರು ಕೇಳುವ ಗರಜು ಬೀಳುವುದು.

ಹೆಸರಿನದ್ದೂ ಒಂದು ಫಜೀತಿಯೇ. ನಮ್ಮದು ಗಡಿಯ ಸೀಮೆ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಾಜಾರಿನಲ್ಲಿ ಉರ್ದು. ಮೂರು ಭಾಷೆಯಲ್ಲಿ ಜಗಳವಾಡಬಲ್ಲೆ, ಮೂರರಲ್ಲೂ ಚೌಕಾಶಿ ಮಾಡಬಲ್ಲೆ. ಆದರೆ ಈ ನರಕ್ಕೆ ಮೂರರಲ್ಲೂ ಸರಿಯಾದ ಹೆಸರು ಸಿಗಲಿಲ್ಲ. ತೆಲುಗಿನಲ್ಲಿ ಪಿಕ್ಕ ಅಂದರೆ ಅದು ಮೀನಖಂಡ, ಕೆಳಗಿನದು. ಉರ್ದುವಿನಲ್ಲಿ ತಲೆಯಿಂದ ಅಂಗಾಲಿನವರೆಗೆ ಎಲ್ಲವೂ ನಸ್. ಕನ್ನಡದಲ್ಲಿ ತೊಡೆ ಅಂದರೆ ಜನ ಮುಂಭಾಗವನ್ನೇ ನೋಡುತ್ತಾರೆ. ಕಡೆಗೆ ಕೈಯನ್ನೇ ಹಿಂದಕ್ಕೆ ಒಯ್ದು ತೋರಿಸಬೇಕು. ಆ ಜಾಗವೋ, ನಾಲ್ಕು ಜನರ ಎದುರು ಕೈಯಿಟ್ಟು ತೋರಿಸುವಂಥದ್ದಲ್ಲ. ಹೀಗಾಗಿ ಯಾರಾದರೂ ಏನಾತು ಅಂತ ಕೇಳಿದರೆ "ಕಾಲು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಅವರು ನನ್ನ ಮೊಣಕಾಲಿನ ಮೇಲೆ ಕನಿಕರ ತೋರಿಸಿ ಹೋಗುತ್ತಿದ್ದರು.

ಆದದ್ದು ಇಷ್ಟು. ಕಂಗ್ಟಿಯ ಹತ್ತಿರದ ಒಂದು ತಾಂಡಾದಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಕೆಲಸ ನಡೆದಿತ್ತು. ಹಿಂಡಿನಲ್ಲಿ ಒಂದು ಟಗರು. ಒಳ್ಳೆ ಬೆಳೆದದ್ದು, ತಿರುಗಿದ ಕೊಂಬಿನದು. ಅದರ ಪಾಳಿ ಬಂದಾಗ ನನ್ನ ಮಂಡಿಗಳ ನಡುವಿನಿಂದ ನುಣುಚಿಕೊಂಡು ಓಡಿತು. ಅದನ್ನು ಬಿಟ್ಟುಬಿಡಬಹುದಿತ್ತು. ಕುರಿಯ ಒಡತಿ ಹತ್ತಿರವೇ ನಿಂತಿದ್ದಳು, ಒಂದು ಸೀಟಿ ಹೊಡೆದರೆ ತಾನೇ ತಿರುಗಿ ಬರುತ್ತಿತ್ತು. ಆದರೆ ಕುರುಬರ ಮನೆಯ ಮಗಳ ಕೈಯಿಂದ ಟಗರು ತಪ್ಪಿಸಿಕೊಳ್ಳುವುದೆಂದರೆ ಏನು. ಸೆರಗು ಸಿಕ್ಕಿಸಿ ಬೆನ್ನು ಹತ್ತಿದೆ. ಅದು ಬದುವನ್ನು ಹಾರಿತು, ನಾನೂ ಒಂದು ಕಾಲನ್ನು ಬದುವಿನ ಆಚೆಗೆ ಚಾಚಿದೆ. ಚಾಚಿದ ಕಾಲು ಆಚೆ ಮುಟ್ಟುವ ಮೊದಲೇ ತೊಡೆಯ ಹಿಂದೆ ಹಸಿ ನಾರು ಸಿಗಿದಂತೆ ಏನೋ ಆಯಿತು. ಕೂತೆ. ಕೂತದ್ದು ಹಿಂದಿನ ದಿನದ ಮಳೆಯ ಕೆಸರಿನಲ್ಲಿ. ಟಗರು ಸ್ವಲ್ಪ ದೂರ ಹೋಗಿ, ಬೆನ್ನು ಹತ್ತಿದವಳು ಎಲ್ಲಿ ಹೋದಳು ಎಂದು ತಿರುಗಿ ನೋಡಿ, ತಾನಾಗಿಯೇ ವಾಪಸು ಬಂದು ನನ್ನ ಪಕ್ಕದಲ್ಲಿ ನಿಂತು ನನ್ನ ಸೆರಗನ್ನು ಅಗಿಯತೊಡಗಿತು.

ಸರಿಯಾಗಿ ಆ ಹೊತ್ತಿಗೆ ನಮ್ಮ ಮನೆಯವರು ನನ್ನನ್ನು ಕರೆದೊಯ್ಯಲು ಮೋಟರ್ ಸೈಕಲ್ ಮೇಲೆ ಬಂದರು. ನಮ್ಮ ಮನೆಯವರದ್ದು ಊರಲ್ಲಿ ಬೋರಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಮದುವೆಯ ಫೋಟೋದಲ್ಲಿ ಕೂಡ ಮೋಟರ್ ಸುಟ್ಟುಹೋದ ರೈತನ ಮುಖ ಮಾಡಿಕೊಂಡು ನಿಂತಿದ್ದಾರೆ. ಅಂಥವರು ಅವತ್ತು ಗಾಡಿಗೆ ಸ್ಟ್ಯಾಂಡ್ ಹಾಕಿ, ನನ್ನನ್ನೂ ಟಗರನ್ನೂ ನೋಡಿ, ನಕ್ಕರು. ಸೀಟಿನ ಮೇಲೆ ಕೈಯೂರಿ, ಕಣ್ಣೊರೆಸಿಕೊಂಡು ನಕ್ಕರು. ಅವರ ನಗು ನೋಡಿ ಕುರಿಯ ಒಡತಿ ನಕ್ಕಳು, ಅವಳ ಗಂಡ ನಕ್ಕ. ಟಗರು ಮಾತ್ರ ಗಂಭೀರವಾಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಮಾರನೆಯ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ಅವರು ಈ ಕತೆ ಹೇಳತೊಡಗಿದರು. ಕರೆಂಟು ಬಂತಾ ಅಂದರೆ "ಬಂದದ", ಹೋಯಿತಾ ಅಂದರೆ "ಹೋಗ್ಯದ" ಎನ್ನುವುದರಾಚೆ ಮಾತು ಬೆಳೆಸದ ಮನುಷ್ಯನ ಬಾಯಲ್ಲಿ ಕತೆ ದಿನದಿನಕ್ಕೆ ಬೆಳೆಯಿತು, ಕತೆಯ ಜೊತೆಗೆ ಟಗರೂ ಬೆಳೆಯಿತು. ಪಕ್ಕದ ಮನೆಯ ಶಾಂತಮ್ಮನವರು ಬಂದು "ಟಗರು ನಿಮ್ಮನ್ನ ಎರಡು ಹೊಲ ದಾಟಿಸಿ ಎಳಕೊಂಡು ಹೋಗಿತ್ತಂತಲ್ಲರಿ, ಖರೇ ಏನು?" ಎಂದು ಕೇಳಿದ ದಿನ ನಾನು ಮನೆಯವರ ಜೊತೆ ಮಾತು ಬಿಟ್ಟೆ.

ಗಂಡಹೆಂಡತಿ ಮಾತು ಬಿಟ್ಟ ಮನೆಯಲ್ಲಿ ಮೂರನೆಯವರು ಒಬ್ಬರು ಇರುವುದು ಅನುಕೂಲ. ನಮ್ಮಲ್ಲಿ ಅತ್ತೆ ಇದ್ದರು. ಎಪ್ಪತ್ತರ ಮೇಲಿನ ವಯಸ್ಸು, ಬಗ್ಗಿ ಕಸ ಹೊಡೆದರೆ ಮೂಗು ನೆಲಕ್ಕೆ ತಾಗುವಷ್ಟು ಬಳುಕುವ ಮೈ. ಕಿವಿ ಮಾತ್ರ ಸ್ವಲ್ಪ ಮಂದ. ನಾನು ಅವರಿಗೆ ಹೇಳುವುದು, ಅವರು ಮಗನಿಗೆ ಹೇಳುವುದು. ಒಂದು ಬೆಳಿಗ್ಗೆ "ಹಾಲು ತರಬೇಕಂತ ಹೇಳ್ರಿ ಅತ್ತೀ" ಅಂದೆ. ಅತ್ತೆ ಹೊರಗೆ ಹೋಗಿ ಏನು ಹೇಳಿದರೋ, ಮನೆಯವರು ಸ್ವಲ್ಪ ಹೊತ್ತಿಗೆ ಒಂದು ಸೇವಂತಿಗೆ ಹಾರ ತಂದು ನಡುಮನೆಯ ಮೊಳೆಗೆ ತೂಗುಹಾಕಿ ಅಂಗಡಿಗೆ ನಡೆದರು. ಯಾಕೆ ಹಾರ ಎಂದು ಅವರು ಕೇಳಲಿಲ್ಲ, ಯಾಕೆ ಹಾಲಿಲ್ಲ ಎಂದು ನಾನೂ ಕೇಳಲಿಲ್ಲ. ಹಾರವನ್ನು ಬೀರದೇವರ ಫೋಟೋಕ್ಕೆ ಹಾಕಿ ಅವತ್ತು ಕರಿ ಚಹಾ ಕುಡಿದೆವು.

ಕಾಲಿನ ಕಡೆಗೆ ಬರುತ್ತೇನೆ. ನೋವು ಒಂದಿಷ್ಟು ದಿನಕ್ಕೆ ತಗ್ಗಿತು, ಬಿಗಿತ ಹಾಗೇ ಉಳಿಯಿತು. ನೆಲದ ಮೇಲೆ ಕೂರಲು ಆಗದು, ಬಗ್ಗಿದರೆ ಕೈ ಮಂಡಿಯ ಕೆಳಗೆ ಇಳಿಯದು. ಅತ್ತೆ ಕುಸುಬಿ ಎಣ್ಣೆ ಕಾಯಿಸಿ ತಿಕ್ಕಿದರು, ಉಪ್ಪಿನ ಗಂಟಿನ ಕಾವು ಕೊಟ್ಟರು. ಕಾವು ಕೊಟ್ಟಷ್ಟು ಹೊತ್ತು ಹಿತವಾಗುತ್ತಿತ್ತು, ಆಮೇಲೆ ಅದೇ ರಾಗ. ನಂತರ ಫೋನಿನಲ್ಲಿ ಕಸರತ್ತಿನ ವಿಡಿಯೋ ನೋಡಿದೆ. ಅದರೊಳಗಿನ ಹೆಣ್ಣುಮಗಳು ಕಾಲು ಚಾಚಿ ಕೂತು, ನಗುನಗುತ್ತ ಒಗೆದ ಟವಲಿನ ಹಾಗೆ ಮಡಚಿಕೊಂಡು ಹಣೆಯನ್ನು ಮೊಣಕಾಲಿಗೆ ಹಚ್ಚುತ್ತಿದ್ದಳು. ನಾನು ಅಂಗಾಲಿಗೆ ಟವಲು ಸುತ್ತಿ ಎರಡೂ ಕೈಯಿಂದ ಎಳೆದೆ. ಬಿಗಿಯಾದ ಹಗ್ಗ ಎಳೆದೆಳೆದು ಸಡಿಲವಾಗುವಂತೆ ಇದೂ ಆಗುತ್ತದೆ ಎಂಬ ಲೆಕ್ಕ. ನಾನು ಎಳೆದಷ್ಟೂ ಅದು ತನ್ನ ಕಡೆಗೆ ಎಳೆದುಕೊಂಡಿತು. ಹಟಮಾರಿ ಮೇಕೆಯನ್ನು ಹಗ್ಗ ಹಿಡಿದು ಎಳೆದಾಗ ಅದು ನಾಲ್ಕೂ ಕಾಲು ಊರಿ ನಿಲ್ಲುವುದಿಲ್ಲವೇ, ಹಾಗೆ.

ಇಷ್ಟರಲ್ಲಿ ದವಾಖಾನೆಯಲ್ಲಿ ನಮ್ಮ ಡಾಕ್ಟರ್ ಸಾಹೇಬರು ಒಂದು ಮಾತು ಹೇಳಿದರು. ಒಳ್ಳೆಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದ್ದು. "ಸುಮಿತ್ರಮ್ಮಾ, ಇನ್ನ ಮ್ಯಾಲ ಊರೂರು ತಿರುಗೋದು ಬ್ಯಾಡರಿ. ಒಳಗ ಕುರ್ಚಿ ಮ್ಯಾಲ ಕೂತು ಔಷಧ ಕೊಡೋ ಕೆಲಸ ನೋಡ್ಕೊಳ್ರಿ. ಮುಂದಿನ ಲಸಿಕೆಗೆ ಬ್ಯಾರೇರನ್ನ ಕಳಸ್ತೀನಿ." ನೆರಳು, ಫ್ಯಾನು, ಕುರ್ಚಿ. ಬೇರೆ ಯಾರಾದರೂ ಆಗಿದ್ದರೆ ಪೇಢಾ ಹಂಚುತ್ತಿದ್ದರು. ನನಗೆ ಮಾತ್ರ ಅದು ಬೇಡವಾಗಿತ್ತು. ಹಳ್ಳಿಯ ಹಟ್ಟಿಗಳಲ್ಲಿ ಹೆಂಗಸರು ನನಗಾಗಿ ಕಾಯುತ್ತಾರೆ. ಕುರಿಯ ಜ್ವರದಿಂದ ಶುರುವಾದ ಮಾತು ಸೊಸೆಯ ಬಾಣಂತನದವರೆಗೆ ಹೋಗುತ್ತದೆ, ಮಜ್ಜಿಗೆ ಬರುತ್ತದೆ, ಹಸಿ ಶೇಂಗಾ ಬರುತ್ತದೆ. ಮರಿಯನ್ನು ಮಂಡಿಗಳ ನಡುವೆ ಹಿಡಿದು ಕೂತಾಗ ಅದರ ಎದೆಬಡಿತ ನನ್ನ ತೊಡೆಗೆ ತಾಗುತ್ತದಲ್ಲ, ಅದು ಕುರ್ಚಿಯ ಮೇಲೆ ಕೂತರೆ ಸಿಗುವುದಿಲ್ಲ. ಇದನ್ನು ಸಾಹೇಬರಿಗೆ ಹೇಗೆ ಹೇಳುವುದು. "ಲಸಿಕೆ ಬರೋತನಕ ಟೈಮ್ ಕೊಡ್ರಿ ಸಾಬ್" ಅಂದೆ. ಅವರು ಆಗಲಿ ಅಂದರು.

ಜಹೀರಾಬಾದಿನಲ್ಲಿ ಫರ್ಹೀನ್ ಎಂಬ ಹುಡುಗಿ ಒಬ್ಬಳು ಕೈಕಾಲು ನೋವಿಗೆ ಕಸರತ್ತಿನಿಂದ ಚಿಕಿತ್ಸೆ ಕೊಡುತ್ತಾಳೆ ಎಂದು ಶಾಂತಮ್ಮನವರೇ ಹೇಳಿದ್ದು. ಬಸ್ಸಿನಲ್ಲಿ ಕಿಟಕಿಯ ಕಡೆ ಕಾಲು ಮಡಚಲಾರದೆ, ನಡುವಿನ ದಾರಿಯ ಕಡೆ ಚಾಚಲಾರದೆ, ಕಂಡಕ್ಟರಳ ಹತ್ತಿರ ಎರಡು ಸಲ ಬೈಸಿಕೊಂಡು ಹೋಗಿ ಮುಟ್ಟಿದೆ. ಫರ್ಹೀನಳಿಗೆ ನನ್ನ ಮಗಳ ವಯಸ್ಸು ಇರಬಹುದು. ಉರ್ದು, ತೆಲುಗು, ನಮ್ಮ ಕನ್ನಡ ಮೂರನ್ನೂ ಒಂದೇ ತಟ್ಟೆಯಲ್ಲಿ ಕಲೆಸಿ ಮಾತಾಡುತ್ತಾಳೆ. ನಾನು ನೋವಿನ ಪುರಾಣ ತೆಗೆಯುವ ಮೊದಲೇ "ಬೈಠೋ ಆಂಟಿ, ಕೂಡ್ರಿ" ಅಂದಳು. ಕೂತೆ. "ಏಳ್ರಿ" ಅಂದಳು. ಎದ್ದೆ. "ಮತ್ತ ಕೂಡ್ರಿ." ಕೂತೆ. ಅವಳು ನಕ್ಕು, "ನೀವು ಕೂಡಲ್ಲ ಆಂಟಿ, ಬೀಳ್ತೀರಿ" ಅಂದಳು.

ನೋಡಿದರೆ ನಿಜವೇ. ಏಳುವಾಗ ಶಕ್ತಿ ಹಾಕಿ ಏಳುತ್ತಿದ್ದೆ. ಕೂರುವಾಗ ಅರ್ಧ ದಾರಿಯವರೆಗೆ ಬಂದು ಮುಂದಿನದ್ದನ್ನು ಭೂಮಿತಾಯಿಗೆ ಒಪ್ಪಿಸಿ ಧಪ್ಪನೆ ಬೀಳುತ್ತಿದ್ದೆ. ಫರ್ಹೀನ್ ಹೇಳಿದಳು: "ನಸ್‌ಗೆ ಎರಡು ಕೆಲಸ ಅವ. ಎಳಿಯೋದು ಒಂದು. ಭಾರ ಹಿಡಕೊಂಡು ಆಹಿಸ್ತಾ, ಸಾವಕಾಶ ಬಿಡೋದು ಒಂದು. ನೀವು ಬರೀ ಎಳಿಯೋದು ಮಾಡೀರಿ. ಬಿಡೋದು ಮಾಡೇ ಇಲ್ಲ." ನಾನು ಟವಲಿನ ಪ್ರಯೋಗದ ಬಗ್ಗೆ ಹೇಳಿದೆ. ಅವಳು ತಲೆಯಾಡಿಸಿದಳು. "ನಿಮ್ಮ ನಸ್ ಗಿಡ್ಡ ಆಗಿಲ್ಲ ಆಂಟಿ. ಹೆದರ್ಯದ. ಉದ್ದ ಆದರ ಮತ್ತ ಹರೀತದ ಅಂತ ಅದಕ್ಕ ಡರ್. ಅದಕ್ಕೇ ನೀವು ಎಳದಷ್ಟು ಗಟ್ಟಿ ಹಿಡೀತದ. ಉದ್ದ ಆಗೋ ಹೊತ್ತಿನಾಗೇ ಅದಕ್ಕ ತಾಕತ್ ಕೊಡ್ರಿ. ನಿಲ್ಲಬಹುದು ಅಂತ ಗೊತ್ತಾದರ ತಾನೇ ಬಿಡ್ತದ."

ಈ ಮಾತು ನನ್ನನ್ನು ಬಸ್ಸಿನುದ್ದಕ್ಕೂ ಬಿಡಲಿಲ್ಲ. ಬಿಗಿ ಅಂದರೆ ಸೊಕ್ಕು ಎಂದೇ ನಾನು ತಿಳಿದುಕೊಂಡಿದ್ದೆ. ಬಿಗಿದ ಮೋರೆ, ಬಿಗಿದ ಮುಷ್ಟಿ, ಬಿಗಿದ ಮಾತು, ಎಲ್ಲವನ್ನೂ ಎಳೆದು ಸಡಿಲಿಸಬೇಕೆಂದೇ ನಮಗೆ ಗೊತ್ತು. ಅದರ ಒಳಗೆ ಹೆದರಿಕೆ ಕೂತಿರುತ್ತದೆ, ಅದಕ್ಕೆ ಬೇಕಾದದ್ದು ಬಲ, ಎಳೆತವಲ್ಲ ಎಂದು ಒಂದು ಹುಡುಗಿ ನನ್ನ ತೊಡೆಯ ಬಗ್ಗೆ ಹೇಳಿದ್ದಳು. ನಾನು ತೊಡೆಯನ್ನು ಬಿಟ್ಟು ಬೇರೆ ಏನೇನನ್ನೋ ಯೋಚಿಸಿದೆ. ಊರು ಬಂದದ್ದೇ ತಿಳಿಯಲಿಲ್ಲ. ಇಳಿಯುವಾಗ ಮಾತ್ರ ಪಾಠ ಮರೆತು ಮೆಟ್ಟಿಲಿನಿಂದ ಧಪ್ಪನೆ ಇಳಿದು ಹಲ್ಲು ಕಚ್ಚಿದೆ.

ಮೊದಲ ಕಸರತ್ತು ಹೀಗಿತ್ತು: ಅಂಗಾತ ಮಲಗಿ, ಮಂಡಿ ಮಡಚಿ, ಹಿಮ್ಮಡಿಯ ಕೆಳಗೆ ಒಂದು ಬಟ್ಟೆ ಇಟ್ಟು, ಸೊಂಟ ಎತ್ತಿ, ಹಿಮ್ಮಡಿಗಳನ್ನು ನಿಧಾನವಾಗಿ ಮುಂದಕ್ಕೆ ಜಾರಿಸುತ್ತ ಹೋಗುವುದು. ನಮ್ಮ ಮನೆಯ ನೆಲ ತಾಂಡೂರು ಕಲ್ಲಿನದ್ದು. ಅತ್ತೆ ವರ್ಷಗಟ್ಟಲೆ ಒರೆಸಿ ಒರೆಸಿ ನುಣುಪಾಗಿಸಿದ ಕಲ್ಲು. ಮೊದಲ ದಿನ ಕಾಲು ಸರ್ರನೆ ಜಾರಿ ಸೊಂಟ ನೆಲಕ್ಕೆ ಬಡಿಯಿತು. ನಿಧಾನ ಎಂಬುದು ಎಂಥ ಕಷ್ಟದ ಕೆಲಸ ಎಂದು ಆಗ ಗೊತ್ತಾಯಿತು. ಎತ್ತುವಾಗ ಇಲ್ಲದ ನಡುಕ ಬಿಡುವಾಗ ಬರುತ್ತದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ "ನೆಲ ಒರಸೋದಿದ್ದರ ಕೈಲೆ ಒರಸವಾ, ಹಿಂಗ ಮಲಕೊಂಡು ಕಾಲಲೆ ಯಾಕ ಒರಸ್ತಿ" ಅಂದರು. ಎರಡನೆಯದು, ನಿಂತಲ್ಲಿಂದ ನೀರು ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದ ಬಗ್ಗುತ್ತ ಅದನ್ನು ಸದ್ದಾಗದಂತೆ ನೆಲಕ್ಕೆ ಇಳಿಸುವುದು. ಮೊದಮೊದಲು ಅರ್ಧ ಕೊಡ ನೀರು ನೆಲದ ಪಾಲಾಗುತ್ತಿತ್ತು. ಅತ್ತೆಗೆ ಈಗ ಖಾತ್ರಿಯಾಯಿತು. ಕಾಲಿನಿಂದ ಒರೆಸುತ್ತಾಳೆ, ಆಮೇಲೆ ನೀರು ಚೆಲ್ಲುತ್ತಾಳೆ, ಸೊಸೆಗೆ ಮನೆಗೆಲಸದ ಕ್ರಮವೇ ಮರೆತುಹೋಗಿದೆ ಎಂದು ಶಾಂತಮ್ಮನವರ ಹತ್ತಿರ ಹೇಳಿಕೊಂಡರಂತೆ.

ಆದರೂ ಬಿಡದೆ ಮಾಡಿದೆ. ಕೈಗಳು ಮೊಣಕಾಲು ದಾಟಿ ಕೆಳಗಿಳಿದವು. ಮುಂದಿನ ಸಲ ಹೋದಾಗ ಫರ್ಹೀನ್ ಸಂತೋಷಪಟ್ಟು, "ಈಗ ದೊಡ್ಡದು" ಅಂದಳು. ಮೊಣಕಾಲೂರಿ ನೆಟ್ಟಗೆ ನಿಲ್ಲಬೇಕು. ಹಿಂದಿನಿಂದ ಒಬ್ಬರು ಹಿಮ್ಮಡಿಯ ಮೇಲಿನ ಗಂಟುಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಾನು ಮರದ ಹಾಗೆ ನೆಟ್ಟಗೆ ಇದ್ದುಕೊಂಡೇ ಮುಂದಕ್ಕೆ ಬಾಗುತ್ತ, ಬೀಳುವುದನ್ನು ತೊಡೆಯ ಹಿಂದಿನ ನರದಿಂದಲೇ ತಡೆಯುತ್ತ, ಆಹಿಸ್ತಾ ಆಹಿಸ್ತಾ ಇಳಿಯಬೇಕು. ಮುಂದೆ ದಿಂಬುಗಳು ಇರಲಿ. ಆಗುವಷ್ಟೇ ಇಳಿಯಬೇಕು, ಹಟ ಬೇಡ. "ಮನ್ಯಾಗ ಹಿಡಿಯಾಕ ಯಾರದಾರ ಆಂಟಿ?" ಎಂದು ಕೇಳಿದಳು.

"ಯಾರೂ ಇಲ್ಲ" ಅಂದೆ.

"ಅಂಕಲ್?"

"ಅದಾರ."

ಫರ್ಹೀನ್ ನನ್ನ ಮುಖ ನೋಡಿ, "ಹಿಡಿಯೋರ ಮ್ಯಾಲ ಭರೋಸಾ ಬೇಕು. ಅದಿಲ್ಲಂದ್ರ ನಸ್ ಬಿಡಲ್ಲ" ಎಂದಷ್ಟೇ ಹೇಳಿದಳು.

ನನಗಿದ್ದ ತೊಂದರೆಯೇ ಅದು. ಕೆಸರಿನಲ್ಲಿ ಕೂತವಳನ್ನು ನೋಡಿ ನಕ್ಕವರ ಕೈಗೆ ಕಾಲು ಕೊಟ್ಟು ಮುಖ ಅಡಿಯಾಗಿ ಬೀಳುವುದು ಹೇಗೆ. ಅತ್ತೆಯನ್ನು ಕೇಳಬಹುದಿತ್ತು, ಆದರೆ ಅವರ ತೂಕ ಒಂದು ಹುಂಜದಷ್ಟು. ನಾನು ಮುಂದಕ್ಕೆ ಬಾಗಿದರೆ ಅವರು ನನ್ನ ಬೆನ್ನ ಮೇಲಿಂದ ಹಾರಿ ಅಡುಗೆಮನೆಯಲ್ಲಿ ಇಳಿಯುತ್ತಾರೆ. ಇದನ್ನು ಯೋಚಿಸುತ್ತಿರುವಾಗಲೇ ತಾಂಡೂರಿನಿಂದ ನಾದಿನಿಯ ಫೋನು ಬಂತು, ಕೆಲವು ದಿನ ಇರಲು ಬಾ ಎಂದು. ಅತ್ತೆ ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದರು. ಮನೆಯ ಟಪಾಲು ವ್ಯವಸ್ಥೆ ಬಂದ್ ಆಯಿತು. ಎರಡು ದಿನ ಇಬ್ಬರೂ ತಟ್ಟೆ ಲೋಟಗಳ ಸದ್ದಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳಿದೆವು. ಮೂರನೆಯ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಹಂಚಿಗೆ ಹೇಳುವಂತೆ ಹೇಳಿದೆ: "ಕಾಲು ಹಿಡಿಯಾಕ ಒಬ್ಬರು ಬೇಕಂತ ಡಾಕ್ಟರ್ ಹೇಳ್ಯಾಳ."

ಮನೆಯವರು ಚಹಾದ ಲೋಟ ಕೆಳಗಿಟ್ಟರು. "ಯಾರ ಕಾಲು?"

"ನಂದು."

"ಎಷ್ಟೊತ್ತಿಗೆ?" ಅಂದರು.

ಅಷ್ಟೇ. ಜಗಳ ಮುರಿಯುವ ಮಾತು ಏನೇನಿರಬಹುದೆಂದು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಬರೆದುಕೊಂಡಿದ್ದೆ. ಅದರಲ್ಲಿ ಇದು ಇರಲಿಲ್ಲ.

ರೊಟ್ಟಿ ಮುಗಿಸಿ ನಡುಮನೆಯಲ್ಲಿ ಕಂಬಳಿ ಹಾಸಿದೆ, ಎದುರಿಗೆ ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ಒಟ್ಟಿದೆ. ಸೀರೆ ಅಡ್ಡವಾಗುತ್ತದೆಂದು ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಸಲ್ವಾರು ತೊಟ್ಟಿದ್ದೆ. ಅವರು ಮೋಟರಿನ ಹೊದಿಕೆ ಬಿಚ್ಚುವ ಮೊದಲು ಮಾಡುವಂತೆ ಎರಡೂ ಅಂಗೈ ಉಜ್ಜಿಕೊಂಡು ನನ್ನ ಕಾಲು ಹಿಡಿದರು. ಅಂಗೈ ಒರಟು, ತಾಮ್ರದ ತಂತಿಯ ಗೀರುಗಳು ಚರ್ಮಕ್ಕೆ ಹತ್ತುತ್ತಿದ್ದವು. ನಾನು ಸ್ವಲ್ಪ ಬಾಗಿದೆ. ತೊಡೆಯ ಹಿಂದೆ ಬಿಸಿ ಗೆರೆ ಎದ್ದಂತಾಯಿತು, ಇನ್ನೂ ಸ್ವಲ್ಪ ಬಾಗಿದೆ. ಆಗ ಅವರ ಜೇಬಿನ ಫೋನು ಹೊಡೆದುಕೊಂಡಿತು. ಅಭ್ಯಾಸಬಲ, ಒಂದು ಕೈ ಜೇಬಿಗೆ ಹೋಯಿತು. "ಹಾಂ, ಮೋಟರ್ ಆಗ್ಯದ, ಒಯ್ರಿ" ಎನ್ನುವುದು ನನಗೆ ಕೇಳಿಸಿದ್ದು ದಿಂಬುಗಳ ಒಳಗಿನಿಂದ. ಎದ್ದು ಕೂತೆ. ಅವರು ನಗಲಿಲ್ಲ. ಎದ್ದುಹೋಗಿ ಫೋನನ್ನು ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬಿಯ ಮೇಲಿಟ್ಟು ಬಂದು ಮತ್ತೆ ಕಾಲು ಹಿಡಿದರು.

ಆಮೇಲಿನ ದಿನಗಳಲ್ಲಿ ಅದೊಂದು ಪದ್ಧತಿಯಾಯಿತು. ಅಂಗಡಿಯ ಬಾಗಿಲು ತೆಗೆಯುವ ಮೊದಲು ಇದು. ನಾನು ಇಳಿಯುವುದನ್ನು ಹಿಂದಿನಿಂದ ನೋಡುತ್ತ ಒಮ್ಮೆ ಅವರು "ಇದು ಬೋರಿನಾಗ ಮೋಟರ್ ಇಳಿಸಿದಂಗ" ಅಂದರು. "ಎತ್ತಬೇಕಾದರ ಜೋರು ಸಾಕು. ಇಳಸಬೇಕಾದರ ಹಗ್ಗ ಬಿಡಬೇಕು, ಬಿಡಲೂಬಾರದು." ಇಷ್ಟು ಉದ್ದದ ವಾಕ್ಯ ನಾನು ಅವರ ಬಾಯಿಂದ ಕೇಳಿ ಬಹಳ ದಿನವಾಗಿತ್ತು. ಬಾಗಿದ ಹಾಗೇ ತಡೆದು ನಿಂತೆ, ಇನ್ನೂ ಏನಾದರೂ ಬರುತ್ತದೋ ಎಂದು. ಬಂತು. ಮದುವೆಗೆ ಮುಂಚೆ ಅವರು ಬೋರಿನಲ್ಲಿ ಮೋಟರ್ ಇಳಿಸುವ ತಂಡದಲ್ಲಿದ್ದರಂತೆ. ದೌಲತಾಬಾದಿನ ಕಡೆ ಒಂದು ಹೊಲದಲ್ಲಿ ಹಗ್ಗ ಅವರ ಕೈಯಿಂದ ಜಾರಿ ಮೋಟರ್ ಪೈಪುಗಳ ಸಮೇತ ಒಳಕ್ಕೆ ಹೋಯಿತಂತೆ. "ಸಪ್ಪಳ ಭಾಳ ಹೊತ್ತು ಬಂತು" ಅಂದರು. "ಹೊಲದವರು ಏನೂ ಅನ್ನಲಿಲ್ಲ. ಸಂಗಾಟ ಕೆಲಸ ಮಾಡೋರು ನಕ್ಕರು. ವರ್ಷಗಟ್ಟಲೆ ನಕ್ಕರು. ಆಮ್ಯಾಲ ನಾ ಅಂಗಡಿ ಹಾಕಿ ಕೂತೆ."

ನನ್ನ ಮೂಗಿನ ಮುಂದೆ ದಿಂಬು ಇತ್ತು. ಇಷ್ಟು ವರ್ಷ ಇವರು ಬಿಸಿಲಿಗೆ ಬೇಸತ್ತು ಅಂಗಡಿ ಹಾಕಿದರು ಎಂದೇ ತಿಳಿದಿದ್ದೆ. ಎದುರುಬದುರು ಕೂತಿದ್ದರೆ ಈ ಮಾತು ಅವರಿಂದ ಬರುತ್ತಿರಲಿಲ್ಲ. ನಾನು ಅವರ ಮುಖ ನೋಡುವಂತಿರಲಿಲ್ಲ, ಅವರಿಗೆ ನನ್ನ ಮುಖ ಕಾಣುವಂತಿರಲಿಲ್ಲ. ಹೀಗೆ ಒಬ್ಬರ ಬೆನ್ನು ಇನ್ನೊಬ್ಬರ ಕಡೆ ಇದ್ದರೇ ಕೆಲವು ಮಾತುಗಳಿಗೆ ದಾರಿ ಸಿಗುತ್ತದೋ ಏನೋ. ಅವತ್ತು ಅವರ ಕೈ ಹಿಡಿತದಲ್ಲಿ ನಾನು ಅದುವರೆಗೆ ಇಳಿದಿದ್ದಕ್ಕಿಂತ ಒಂದು ಗೇಣು ಕೆಳಗೆ ಇಳಿದೆ, ಬೀಳಲಿಲ್ಲ.

ಅತ್ತೆ ತಾಂಡೂರಿನಿಂದ ಹೇಳದೆ ಕೇಳದೆ ಬಂದದ್ದು ಅದೇ ವಾರ. ಬೆಳಗಿನ ಬಸ್ಸು ಇಳಿದು, ತೆರೆದ ಬಾಗಿಲಿನಿಂದ ಸೀದಾ ನಡುಮನೆಗೆ ಬಂದರು. ನಾನು ಮಗಳ ಸಲ್ವಾರಿನಲ್ಲಿ ಅರ್ಧ ಬಾಗಿದ್ದೇನೆ. ಅವರ ಮಗ ಮಂಡಿಯೂರಿ ತಲೆ ತಗ್ಗಿಸಿ ಎರಡೂ ಕೈಯಿಂದ ಹೆಂಡತಿಯ ಕಾಲು ಹಿಡಿದಿದ್ದಾರೆ. ಚೀಲ ನೆಲಕ್ಕೆ ಇಟ್ಟ ಸದ್ದು ಕೇಳಿತು. ಅತ್ತೆ ಮೆಲ್ಲಗೆ ಕೇಳಿದರು: "ಬೀರಪ್ಪಾ, ಕಾಲು ಹಿಡಿಯೋವಂಥಾದ್ದು ಏನು ತಪ್ಪು ಮಾಡಿದೆಪ್ಪಾ?"

ಇದು ಕಸರತ್ತು ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಅವರ ದನಿ ಬಂತು. "ನಗಬಾರದಿತ್ತವ್ವಾ. ನಕ್ಕೆ."

ಅದು ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ತಿರುಗಿ ಮುಖ ನೋಡುವಂತಿರಲಿಲ್ಲ. ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ. ಮಂದ ಕಿವಿಯ ಅತ್ತೆಗೆ ಅವತ್ತು ಆ ಮಾತು ಹೇಗೋ ಸರಿಯಾಗಿ ಕೇಳಿಸಿತು. "ಹಂಗಾರ ಗಟ್ಟಿ ಹಿಡಿ" ಎಂದು ಹೇಳಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ದಿಂಬಿನ ಮೇಲೆ ಮುಖವಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದೆ. ಕಸರತ್ತಿನ ದಣಿವು ಎಂದು ಅವರು ತಿಳಿದುಕೊಂಡರು, ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಲಸಿಕೆಯ ಕೆಲಸ ಶುರುವಾಗುವ ಹೊತ್ತಿಗೆ ನನ್ನ ಬೆರಳುಗಳು ಕಾಲುಂಗುರ ಮುಟ್ಟುತ್ತಿದ್ದವು. ಸಾಹೇಬರ ಎದುರು ನೆಲಕ್ಕೆ ಬಿದ್ದ ಅವರ ಪೆನ್ನನ್ನು ಮಂಡಿ ಮಡಚದೆ ಎತ್ತಿಕೊಟ್ಟೆ. ಪೆನ್ನು ಬೀಳಲು ನಾನೇ ಸ್ವಲ್ಪ ಸಹಾಯ ಮಾಡಿದ್ದೆ. ಅವರು ನಕ್ಕು "ಹೋಗಿ ಬರ್ರಿ" ಅಂದರು. ಮೊದಲ ದಿನ ಹೋದ ಹಟ್ಟಿಯಲ್ಲಿ ನೆಲಕ್ಕೆ ಕೂರುವಾಗ ಫರ್ಹೀನಳ ಆಹಿಸ್ತಾ ಆಹಿಸ್ತಾ ಬಾಯೊಳಗೇ ಹೇಳಿಕೊಂಡೆ. ಧಪ್ಪೆನ್ನಲಿಲ್ಲ. ಒಂದು ಕಪ್ಪು ಮರಿಯನ್ನು ಮಂಡಿಗಳ ನಡುವೆ ಹಿಡಿದುಕೊಂಡೆ. ಅದರ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಸೂಜಿ ಹಾಕದೆ ಹಾಗೇ ಹಿಡಿದು ಕೂತೆ. ಕುರಿಯವಳು "ಔಷಧ ಮುಗದದೇನ್ರಿ ಮೇಡಂ" ಎಂದು ಕೇಳಿದ ಮೇಲೆಯೇ ಎಚ್ಚರವಾದದ್ದು.

ಕಳೆದ ತಿಂಗಳು ಕೊನೆಯ ಸಲ ಜಹೀರಾಬಾದಿಗೆ ಹೋಗಿದ್ದೆ. ಫರ್ಹೀನ್ ಕಾಲನ್ನು ಎತ್ತಿ, ಮಡಚಿ, ಚಾಚಿ ನೋಡಿ "ಪೂರಾ ಛಲೋ ಆಗ್ಯದ" ಅಂದಳು. ಕಸರತ್ತು ಬಿಡಬಾರದು, ವಾರಕ್ಕೆ ಒಂದೆರಡು ಸಲ ಮಾಡಿದರೆ ಸಾಕು. "ಇನ್ನ ಅಂಕಲ್‌ಗ ತ್ರಾಸ ಕೊಡಬ್ಯಾಡ್ರಿ. ಮಂಚದ ಪಟ್ಟಿ ಕೆಳಗ ಕಾಲು ಸಿಗಿಸ್ಕೊಂಡ್ರ ನೀವೊಬ್ಬರೇ ಮಾಡಬಹುದು." ನಮ್ಮ ಮನೆಯ ಮಂಚ ಹಳೆಯ ತೇಗದ್ದು, ನಾಲ್ಕು ಜನ ಸೇರಿದರೂ ಅಲುಗುವುದಿಲ್ಲ. ಪಟ್ಟಿಯ ಎತ್ತರವೂ ಅಳೆದು ಮಾಡಿಸಿದಂತೆ ನನ್ನ ಕಾಲಿಗೆ ಸರಿಯಾಗಿದೆ. ಮನೆಗೆ ಬಂದ ದಿನವೇ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಾಡಿ ನೋಡಿದೆ. ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಎಷ್ಟು ಹೊತ್ತು ಬಾಗಿ ನಿಂತರೂ ಹಿಂದಿನಿಂದ ಒಂದು ಮಾತೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಚಹಾ ಕುಡಿಯುತ್ತ ಮನೆಯವರು "ಏನಂದಳು ಡಾಕ್ಟರು?" ಎಂದು ಕೇಳಿದರು.

"ಇನ್ನೂ ಸ್ವಲ್ಪ ಬಿಗಿ ಅದ ಅಂದಳು" ಅಂದೆ. ಮಾತಿಗೆ ಪುರಾವೆ ಇರಲೆಂದು ಅಡುಗೆಮನೆಯವರೆಗೆ ಸ್ವಲ್ಪ ಕುಂಟಿಯೂ ತೋರಿಸಿದೆ. ನೋವಾಗಿದ್ದದ್ದು ಬಲಗಾಲು, ನಾನು ಕುಂಟಿದ್ದು ಎಡಗಾಲು ಎಂಬುದು ಒಲೆಯ ಹತ್ತಿರ ಹೋಗಿ ನಿಂತ ಮೇಲೆ ಹೊಳೆಯಿತು. ತಿರುಗಿ ನೋಡಿದೆ. ಅವರು ನನ್ನ ಕಾಲನ್ನೇ ನೋಡುತ್ತಿದ್ದರು. ಲೋಟ ಕೆಳಗಿಟ್ಟು, ದಿಂಬು ತರಲು ಒಳಗೆ ಹೋದರು.